ಅವ್ವನ ಕೈಗೆ ಬಿದ್ದ ಕೆಂಪು ಮುದ್ರೆ

ನಮ್ಮ ಓಣಿಯವರು ನನ್ನನ್ನು ಸರಕಾರಿ ನೌಕರಳೆಂದೇ ತಿಳಿದಿದ್ದರು. ನಾನೂ ತಿದ್ದಲು ಹೋಗಲಿಲ್ಲ. ಮರ್ಯಾದೆ ಪುಕ್ಕಟೆ ಸಿಗುವಾಗ ಬೇಡ ಅನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ನಿಜದಲ್ಲಿ ನಾನು ಗುತ್ತಿಗೆಯವಳು. ಕೊಲ್ಲಾಪುರದ ಒಂದು ಕಚೇರಿಯಲ್ಲಿ ಮಳೆ, ನದಿ, ಮಹಾಪೂರದ ಸುದ್ದಿಯನ್ನು ಜನರಿಗೆ ಮುಟ್ಟಿಸುವ ವಿಭಾಗವಿದೆ. ಅದರ ಸೋಶಿಯಲ್ ಮೀಡಿಯಾ ಪೇಜು, ಮೊಬೈಲ್ ಗುಂಪುಗಳು ನನ್ನ ಸುಪರ್ದಿನಲ್ಲಿವೆ. ದಿನಾ ಇಚಲಕರಂಜಿಯಿಂದ ಎಸ್‌ಟಿ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಹೆಸರಿಗೆ ನದಿಯ ಸುದ್ದಿ. ವರ್ಷದ ಬಹುಪಾಲು ನಾನು ಹಾಕುವುದು ಸಾಹೇಬರು ಗಿಡ ನೆಟ್ಟದ್ದು, ಸಾಹೇಬರು ರಿಬ್ಬನ್ ಕತ್ತರಿಸಿದ್ದು, ಮೇಲಿನ ಸಾಹೇಬರ ಹುಟ್ಟುಹಬ್ಬಕ್ಕೆ ನಮ್ಮ ಸಾಹೇಬರು ಹಾರೈಸಿದ್ದು. ಒಂದೇ ಗಿಡವನ್ನು ಎಡದಿಂದ ತೆಗೆದು ಒಮ್ಮೆ, ಬಲದಿಂದ ತೆಗೆದು ಇನ್ನೊಮ್ಮೆ ಹಾಕಿದ್ದೂ ಉಂಟು. ಗಿಡ ಬದುಕಿತೋ ಇಲ್ಲವೋ ಯಾರೂ ಕೇಳಲಿಲ್ಲ.

ಕಚೇರಿಯ ಒಂದು ಪದ್ಧತಿಯನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದಿನ ಅನಾಹುತವೆಲ್ಲ ಅದರಿಂದಲೇ ಆದದ್ದು. ಬೆಳಿಗ್ಗೆ ಫೈಲು ಬಿಚ್ಚುವ ಮುಂಚೆ ಎಲ್ಲ ನೌಕರರೂ ಪೇಜಿನ ಹೊಸ ಪೋಸ್ಟಿಗೆ ಲೈಕ್ ಒತ್ತಬೇಕು. ಒತ್ತಿ ಸುಮ್ಮನಿರುವ ಹಾಗಿಲ್ಲ. ತಮ್ಮ ಓಣಿಯ ಗುಂಪು, ಬೀಗರ ಗುಂಪು, ಭಜನೆಯ ಗುಂಪು, ಏನೇನಿವೆಯೋ ಅಲ್ಲಿಗೆಲ್ಲ ಮುಂದೆ ಕಳಿಸಬೇಕು. ಕಳಿಸಿದ್ದಕ್ಕೆ ಸಾಕ್ಷಿಯಾಗಿ ಫೋಟೋ ತೆಗೆದು ಕಚೇರಿಯ ಗುಂಪಿಗೆ ಹಾಕಬೇಕು. ಇದಕ್ಕೆ ನಮ್ಮಲ್ಲಿ 'ಅಂಗಠಾ' ಅನ್ನುತ್ತಾರೆ, ಅಂದರೆ ಹೆಬ್ಬೆರಳು. ಸಿಪಾಯಿ, ಡ್ರೈವರ್, ಯಾರಿಗೂ ಬಿಡುಗಡೆಯಿಲ್ಲ. ಒಮ್ಮೆ ನಿವೃತ್ತರೊಬ್ಬರು ತೀರಿಕೊಂಡ ಸುದ್ದಿ ಹಾಕಿದಾಗಲೂ ಎಂದಿನಂತೆ ಹೆಬ್ಬೆರಳುಗಳ ಸಾಲು ಎದ್ದು ನಿಂತಿತು. ಅವರ ಮಗ ಫೋನ್ ಮಾಡಿ, ನಮ್ಮಪ್ಪ ಸತ್ತದ್ದು ನಿಮಗೆ ಇಷ್ಟು ಜನರಿಗೆ ಸೇರಿತೇನ್ರಿ ಎಂದು ಮರಾಠಿಯಲ್ಲಿ ಕೇಳಿದ. ಫೋನ್ ಇಟ್ಟು ಮುಂದಿನ ಪೋಸ್ಟು ಬರೆಯಲು ಕೂತೆ.

ಪೇಜಿನ ಮೇಲೆ ಒಂದು ಅಕ್ಷರ ಹಾಕಬೇಕಾದರೂ ಮಂಜೂರಿ ಬೇಕು. ನಾನು ಬರೆದದ್ದು ಮೊದಲು ನಮ್ಮ ಕಾರಕೂನರಿಗೆ, ಅವರಿಂದ ಸಾಹೇಬರಿಗೆ. ಕಾರಕೂನರು ಗಡಹಿಂಗ್ಲಜ ತಾಲೂಕಿನ ಮಹಾಗಾಂವ ಕಡೆಯವರು, ಮನೆಮಾತು ಕನ್ನಡ. ನನ್ನನ್ನು ತಂಗಿ ಅನ್ನುತ್ತಿದ್ದರು, ನಾನು ಅಣ್ಣಾರ ಅನ್ನುತ್ತಿದ್ದೆ. ಒಳ್ಳೆಯವರು. ಒಳ್ಳೆಯತನದಿಂದ ಏನೂ ಆಗುವುದಿಲ್ಲ ಎಂದು ನನಗೆ ಮನವರಿಕೆ ಮಾಡಿಕೊಟ್ಟವರೂ ಅವರೇ. ಮಳೆಗಾಲದಲ್ಲಿ ಪಂಚಗಂಗೆ ಏರಿದಾಗ ನದಿಗೆ ಅಡ್ಡ ಕಟ್ಟಿದ ಬಂಧಾರೆಯ ಹತ್ತಿರದಿಂದ ನೀರಿನ ಮಟ್ಟ ಫೋನಿನಲ್ಲಿ ಬರುತ್ತಿತ್ತು. ನಾನು ಬರೆದು ಕಳಿಸುವುದು, ಸಾಹೇಬರು ಮೀಟಿಂಗಿನಲ್ಲಿರುವುದು, ಅವರು ಹೊರಗೆ ಬಂದು ಹೂಂ ಅನ್ನುವಷ್ಟರಲ್ಲಿ ನೀರು ಇನ್ನೂ ಮೇಲೆ ಹೋಗಿರುವುದು. ಹಳೆಯ ಮಟ್ಟ ಹಾಕಲೋ ಹೊಸದೋ ಎಂದು ಕೇಳಿದರೆ, ಮಂಜೂರಾದದ್ದನ್ನೇ ಹಾಕು ಅನ್ನುತ್ತಿದ್ದರು. ಮಟ್ಟವೂ ಮಂಜೂರಾಗಬೇಕು ಎಂಬುದು ನದಿಗೆ ಗೊತ್ತಿರಲಿಲ್ಲ.

ಪೋಸ್ಟುಗಳೆಲ್ಲ ಮರಾಠಿಯಲ್ಲಿ. ಅದರ ಕೆಳಗೆ ಜನ ಪ್ರಶ್ನೆ ಕೇಳುತ್ತಿದ್ದರು. ಕೆಲವರು ನಮ್ಮಂಥವರು, ಮಗ್ಗದ ಕೆಲಸಕ್ಕೆಂದು ಬಾಗಲಕೋಟೆ, ರಬಕವಿ ಕಡೆಯಿಂದ ಬಂದು ಇಚಲಕರಂಜಿಯಲ್ಲಿ ನಿಂತವರು. ಮಕ್ಕಳು ಮರಾಠಿ ಶಾಲೆ ಕಲಿತವರಾದ್ದರಿಂದ ಕನ್ನಡ ಮಾತನ್ನು ಮರಾಠಿ ಅಕ್ಷರದಲ್ಲೇ ಬರೆಯುತ್ತಿದ್ದರು. 'ನೀರ ನಮ್ಮ ಕಡೆ ಬರತೈತೇನ್ರಿ?' 'ಅವ್ವನ್ನ ಸಾಲಿಗೆ ಕರಕೊಂಡ ಹೋಗೂಣೇನ್ರಿ?' ಸಾಲಿ ಎಂದರೆ ಮಹಾಪೂರದಲ್ಲಿ ಜನ ಆಸರೆಗೆ ಹೋಗುವ ಮೇಲಿನ ಶಾಲೆ. ನಾನು ಗಡಹಿಂಗ್ಲಜದ ಹತ್ತಿರ ಸೋದರತ್ತೆಯ ಊರಿನ ಕನ್ನಡ ಶಾಲೆಯಲ್ಲಿ ಕಲಿತವಳು, ಎರಡೂ ಬರುತ್ತವೆ. ಉತ್ತರವೂ ಗೊತ್ತಿತ್ತು. ಆದರೆ ಪ್ರಶ್ನೆಗೆ ಉತ್ತರ ಕೊಡಲು ಬೇರೆ ಮಂಜೂರಿ. ಆಮೇಲೆ ಒಂದು ದಿನ ಯಾರೋ ಸಾಹೇಬರನ್ನು ಬೈದು ಬರೆದರು. ಅಂದಿನಿಂದ ಪ್ರಶ್ನೆ ಕೇಳುವ ಬಾಗಿಲನ್ನೇ ಮುಚ್ಚಿಸಿದರು. ಪೇಜು ಶಾಂತವಾಯಿತು.

ಈಗ ಅವ್ವನ ವಿಷಯ. ಅವ್ವ ಮದುವೆಯಾಗಿ ಬಂದ ಮೇಲೆ ವಯಸ್ಸೆಲ್ಲ ಪಾವರ್‌ಲೂಮ್ ಕಾರಖಾನೆಯಲ್ಲಿ ಕಳೆದವಳು. ಅಪ್ಪ ಮಗ್ಗ ನಡೆಸುತ್ತಿದ್ದ, ಅವಳು ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಆ ಸದ್ದಿನಲ್ಲಿ ಪಕ್ಕದವನು ಕಿವಿಯಲ್ಲಿ ಕೂಗಿದರೂ ಕೇಳುವುದಿಲ್ಲ, ಹಾಗಾಗಿ ಅಲ್ಲಿಯವರೆಲ್ಲ ಕೈಯಿಂದ ಮಾತಾಡುತ್ತಾರೆ. ಹೆಬ್ಬೆರಳು ತುಟಿಗೆ ಹೋದರೆ ಚಹಾ. ಎರಡು ಬೆರಳು ಕತ್ತರಿಯಂತೆ ಆಡಿಸಿದರೆ ಎಳೆ ಹರಿದಿದೆ. ಮೀಸೆ ತಿರುವಿದರೆ ಮಾಲಕ ಬಂದಾನ, ಹುಷಾರು. ಯಾರೂ ಕಲಿಸಿದ್ದಲ್ಲ, ಹೊಟ್ಟೆಪಾಡಿನ ಜೊತೆ ಬಂದದ್ದು. ಅಪ್ಪ ಹೋದ. ಮಗ್ಗಗಳು ಅವ್ವನ ಕಿವಿಯನ್ನು ಪೂರ್ತಿ ತಿಂದು ಮುಗಿಸಿದವು. ಈಗ ಅವಳಿಗೆ ಸಿಡಿಲು ಬಿದ್ದರೆ ಬೆಳಕಷ್ಟೇ ಕಾಣುತ್ತದೆ. ನಮ್ಮ ಮನೆಯಲ್ಲಿ ಊಟ, ಜಗಳ, ನಗು ಎಲ್ಲ ಕೈಯಲ್ಲೇ ನಡೆಯುತ್ತದೆ. ಅವ್ವ ಬಾಯಲ್ಲೂ ಮಾತಾಡುತ್ತಾಳೆ, ಆದರೆ ಮನಸ್ಸಿನಿಂದ ಮಾತಾಡುವುದು ಕೈಯಿಂದ.

ಹಿಂದಿನ ಮಹಾಪೂರದಲ್ಲಿ ಓಣಿಯಲ್ಲಿ ರಿಕ್ಷಾಕ್ಕೆ ಸ್ಪೀಕರ್ ಕಟ್ಟಿ, ಮನೆ ಬಿಡಿ ಎಂದು ಕೂಗಿಕೊಂಡು ಹೋದರು. ಅವ್ವ ಒಬ್ಬಳೇ ಒಳಗೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅವಳಿಗೆ ಸುದ್ದಿ ಮುಟ್ಟಿಸಿದ್ದು ನೀರೇ, ಹಿತ್ತಲ ಬಾಗಿಲಿನಿಂದ ಬಂದು ಒಲೆ ಆರಿಸಿತು. ಎದುರು ಮನೆಯಾಕೆ, ನಾನು ಮೌಶಿ ಅಂದರೆ ಚಿಕ್ಕಮ್ಮ ಎಂದು ಕರೆಯುವವಳು, ನೆನಪು ಮಾಡಿಕೊಂಡು ಇಬ್ಬರು ಗಂಡಸರನ್ನು ಕಳಿಸದಿದ್ದರೆ ಅವ್ವ ಅಲ್ಲೇ ಮುಗಿದುಹೋಗುತ್ತಿದ್ದಳು. ನಾನು ಆಗ ಕೊಲ್ಲಾಪುರದಲ್ಲಿ ಕೂತು ಮಂಜೂರಿಗೆ ಕಾಯುತ್ತಿದ್ದೆ. ರಸ್ತೆ ಬಂದಾಗಿತ್ತು. ಅಂದಿನಿಂದ ಮಳೆ ಹಿಡಿದರೆ ನಾನು ಮೊದಲು ಕೇಳುವುದು ನದಿಯ ಮಟ್ಟ. ನೀರು ಮೊದಲು ಕೊಲ್ಲಾಪುರ ಮುಟ್ಟಿ ಆಮೇಲೆ ನಮ್ಮ ಊರಿಗೆ ಇಳಿಯುತ್ತದೆ. ಅಂದರೆ ನನಗೆ ಮೊದಲು ಗೊತ್ತಾಗುತ್ತದೆ, ಅವ್ವನಿಗೆ ಹೇಳುವ ದಾರಿ ಮಾತ್ರ ಇಲ್ಲ. ಅವಳಿಗೆ ಓದು ಬರುವುದಿಲ್ಲ. ಒಂದು ದೊಡ್ಡ ಫೋನು ಕೊಡಿಸಿದೆ, ಅದರಲ್ಲಿ ಚಿತ್ರ ನೋಡುವುದೊಂದು ಕಲಿತಳು.

ಒಂದು ರವಿವಾರ ಹೊಸ್ತಿಲ ಮೇಲೆ ಅವ್ವನನ್ನು ಕೂರಿಸಿ, ಮತ್ತೆ ನೀರು ಬಂದರೆ ಮೌಶಿಗೆ ಹೇಗೆ ಹೇಳುತ್ತೀ ಎಂದು ಕೈಯಲ್ಲೇ ಕೇಳಿದೆ. ಅವ್ವ ಎದ್ದು ನಿಂತು, ಕೈಯನ್ನು ಹಿಮ್ಮಡಿಯ ಹತ್ತಿರ ಹಿಡಿದು ಕಣ್ಣರಳಿಸಿದಳು, ಅಂದರೆ ನೋಡುತ್ತಿರು. ಮೊಣಕಾಲಿಗೆ ಹಿಡಿದು ಎರಡು ಮುಷ್ಟಿ ಕೂಡಿಸಿ ಗಂಟು ಬಿಗಿದಳು, ಸಾಮಾನು ಕಟ್ಟು. ಆಮೇಲೆ ಗಂಟನ್ನು ಹೆಗಲಿಗೇರಿಸಿ ಮೇಲಿನ ಶಾಲೆಯ ಕಡೆ ಕೈಬೀಸಿ ನಡೆದೇಬಿಟ್ಟಳು. ಸೊಂಟದ ತನಕ ಕೈ ತರಲೇ ಇಲ್ಲ. ಯಾಕೆ ಎಂದು ಕೇಳಿದರೆ ಬಾಯಿಂದಲೇ ಅಂದಳು:

"ಟೊಂಕಕ್ಕ ಬಂದ ಮ್ಯಾಲ ಹೇಳೂದ ಏನೈತಿ? ಅಷ್ಟೊತ್ತಿಗೆ ಹೋಗಿರಬೇಕ."

ಅವಳ ಸನ್ನೆಗಳನ್ನೆಲ್ಲ ಫೋನಿನಲ್ಲಿ ಹಿಡಿದಿದ್ದೆ. ಮಾತಿಲ್ಲ, ಅಕ್ಷರವಿಲ್ಲ, ಮರಾಠಿಯೂ ಅಲ್ಲ ಕನ್ನಡವೂ ಅಲ್ಲ. ಮಗ್ಗ ನಡೆಯುತ್ತಿರುವಾಗಲೂ ತಿಳಿಯುವಂಥದ್ದು.

ಸ್ವಲ್ಪ ದಿನಕ್ಕೆ ಗಡಹಿಂಗ್ಲಜದಲ್ಲಿ ನಮ್ಮಂಥ ಪೇಜು ನೋಡಿಕೊಳ್ಳುವವರಿಗೆಲ್ಲ ತರಬೇತಿ ಇಟ್ಟರು. ಬೆಳಿಗ್ಗೆಯಿಂದ ಫೋಟೋದಲ್ಲಿ ಸಾಹೇಬರು ಎಲ್ಲಿ ನಿಲ್ಲಬೇಕು ಎಂಬುದರ ಮೇಲೆ ಭಾಷಣ. ಮಧ್ಯಾಹ್ನ, ನಿಮ್ಮದು ಏನಾದರೂ ಹೊಸ ಉಪಕ್ರಮ ಇದ್ದರೆ ತೋರಿಸಿ ಎಂದರು. ಅವ್ವನನ್ನು ಪರದೆಯ ಮೇಲೆ ಬಿಟ್ಟೆ. ಜೋಂಪು ಹತ್ತಿದವರು ಎಚ್ಚರಾದರು. ನಮ್ಮ ಸಾಹೇಬರು ಚಪ್ಪಾಳೆ ತಟ್ಟಿ, ಛಾನ್, ನಾಳೆಯೇ ಹಾಕು ಅಂದರು. ಅಷ್ಟು ಸುಲಭದ ಮಂಜೂರಿ ನಾನು ನೋಡಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಸುಮ್ಮಸುಮ್ಮನೆ ನಕ್ಕೆ. ಈ ಕೆಲಸಕ್ಕೆ ಸೇರಿದ ಮೇಲೆ ನಾನು ಖುಷಿಪಟ್ಟದ್ದು ಅದೊಂದೇ ಸಂಜೆ.

ವಿಡಿಯೋ ಹೋದದ್ದು ನೋಡಬೇಕಿತ್ತು. ಹೆಬ್ಬೆರಳಿನ ಹಂಗಿಲ್ಲದೆ ಜನ ತಾವಾಗಿ ಕಳಿಸಿದರು. ಕಾರಖಾನೆಗಳಲ್ಲಿ ಮಗ್ಗ ನಿಲ್ಲಿಸದೆಯೇ ನೋಡಿದರು. ಕುರುಂದವಾಡದ ನದಿ ದಂಡೆಯ ಹೆಂಗಸರಿಗೂ ಮುಟ್ಟಿತು. ನಮ್ಮ ಓಣಿಯಲ್ಲಿ ಅವ್ವ ಸಂತೆಗೆ ಹೊರಟರೆ ಮೊಣಕಾಲಿಗೆ ಕೈಹಿಡಿದು ನಮಸ್ಕಾರ ಮಾಡುವವರು ಹುಟ್ಟಿಕೊಂಡರು. ಅವ್ವ ಗಂಭೀರವಾಗಿ ಹಿಮ್ಮಡಿಗೆ ಕೈಹಿಡಿದು ಉತ್ತರ ಕೊಡುತ್ತಿದ್ದಳು, ಇನ್ನೂ ಹೊತ್ತೈತಿ ಎಂಬಂತೆ. ಮೌಶಿ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳ ಆಡುಗಳು ಕೂಡ ಅವ್ವನ ಕೈಸನ್ನೆಗೆ ಬರುತ್ತವೆ ಎಂದು ಹೇಳಿಕೊಂಡು ತಿರುಗುತ್ತಿದ್ದಳು.

ಆಮೇಲೆ ಪರಿಪತ್ರ ಬಂತು. ಸರಕಾರಿ ಕಚೇರಿಗಳ ಪೇಜುಗಳಿಗೆ ಶಿಸ್ತು ಬೇಕೆಂದು ಮೇಲಿನಿಂದ ಬಂದದ್ದು. ಪೇಜಿನ ಮೇಲೆ ಖಾಸಗಿ ವ್ಯಕ್ತಿಗಳು ಸೂಚನೆ ಕೊಡುವಂತಿಲ್ಲ. ಪ್ರತಿ ವಿಡಿಯೋದಲ್ಲೂ ಲಾಂಛನ ಇರಬೇಕು, ಅಧಿಕಾರಿ ಇರಬೇಕು, ಸಂದೇಶ ರಾಜಭಾಷೆ ಮರಾಠಿಯಲ್ಲಿರಬೇಕು. ಯಾವುದೋ ಆಢಾವಾ, ಅಂದರೆ ಪರಿಶೀಲನೆಯ, ಮೀಟಿಂಗಿನಲ್ಲಿ ಮೇಲಿನವರು ಅವ್ವನ ವಿಡಿಯೋ ತೋರಿಸಿ, ಸರಕಾರವೇನು ಮೂಕವೇ, ಯಾರೀ ಮುದುಕಿ ಎಂದು ಕೇಳಿದರಂತೆ. ಚಪ್ಪಾಳೆ ತಟ್ಟಿದ ನಮ್ಮ ಸಾಹೇಬರು ಅಲ್ಲಿ ಬಾಯಿ ಬಿಡಲಿಲ್ಲ. ಬಂದವರೇ ತೆಗೆದುಹಾಕು ಎಂದರು.

ನಾನು ಕಾರಕೂನರ ಟೇಬಲ್ ಮುಂದೆ ಹೋಗಿ ನಿಂತೆ.

"ಅಣ್ಣಾರ, ಅದರಾಗ ತಪ್ಪು ಏನೈತಿ ಹೇಳ್ರಿ. ಅಕಿ ಹೇಳಿದ್ದು ಖರೇನ ಐತೆಲ್ರಿ?"

"ಖರೇನ ಐತಿ, ತಂಗಿ," ಎಂದರು ಅವರು, ಫೈಲಿನಿಂದ ತಲೆ ಎತ್ತದೆ. "ನಿಮ್ಮವ್ವ ಭಾಳ ಚಲೋ ಹೇಳ್ಯಾಳ. ಆದರ ಅಕಿಗೆ ಹೇಳೂ ಅಧಿಕಾರ ಇಲ್ಲ."

"ನೀರ ಬಂದ್ರ ಯಾರ ಹೇಳತಾರ್ರಿ ಮತ್ತ?"

"ಸಾಹೇಬ್ರು ಹೇಳತಾರ."

ಸಾಹೇಬರು ಹೇಳಿದರೂ ಹೇಳಿದರು. ಬಂಧಾರೆಯ ಮೇಲೆ ರೇನ್‌ಕೋಟು ಹಾಕಿ ನಿಂತರು. ಹಿಂದೆ ಸಂಗೀತ, ಮೂಲೆಯಲ್ಲಿ ಲಾಂಛನ. ಎರಡೂ ಕೈ ಬೆನ್ನ ಹಿಂದೆ, ಸಾಹೇಬರಾದವರು ನಿಲ್ಲುವ ಪದ್ಧತಿಯೇ ಅದು. ಮುಂದೆ ಚಾನೆಲ್ಲಿನವರು ಹಿಡಿದ ಮೈಕುಗಳ ಗೊಂಚಲು ಅವರ ಬಾಯನ್ನು ಪೂರ್ತಿ ಮುಚ್ಚಿತ್ತು. ಅವ್ವ ತುಟಿಯ ಚಲನೆ ನೋಡಿಯೂ ಒಂದಷ್ಟು ಮಾತು ಹಿಡಿಯುತ್ತಾಳೆ. ಈ ಮನುಷ್ಯನ ತುಟಿಯೂ ಕಾಣದು, ಕೈಯೂ ಕಾಣದು. ಮನೆಗೆ ತಂದು ತೋರಿಸಿದರೆ ಅವ್ವ ಫೋನನ್ನು ಅತ್ತಿತ್ತ ವಾಲಿಸಿ ಮೈಕಿನ ಹಿಂದೆ ಇಣುಕಲು ನೋಡಿದಳು. ನನಗೆ ನಗು ಬರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಜನರ ಬಳಿ ಅವ್ವನ ವಿಡಿಯೋ ಇತ್ತಲ್ಲ, ಮಳೆ ಜೋರಾದಂತೆ ಅದು ಮತ್ತೆ ತಿರುಗತೊಡಗಿತು. ಕಚೇರಿಯ ಅನುಮತಿಯಿಲ್ಲದ ಸೂಚನೆ ಹರಿದಾಡುತ್ತಿದೆ ಎಂದು ಮೇಲಿನವರಿಗೆ ಸಿಟ್ಟು ಬಂತು. ಒಂದು ಬೆಳಿಗ್ಗೆ ಅವರ ಕಡೆಯಿಂದ ಸಿದ್ಧವಾದ ಚಿತ್ರ ಬಂತು. ಅದರಲ್ಲಿ ಅವ್ವ, ಮೊಣಕಾಲಿಗೆ ಹಿಡಿದ ಅವ್ವನ ಕೈ, ಅದರ ಮೇಲೆ ಅಡ್ಡಡ್ಡ ಕೆಂಪು ಮುದ್ರೆ: ಫೇಕ್. ಕೆಳಗೆ, ವಿಶ್ವಾಸ ಇಡಬೇಡಿ, ಅಧಿಕೃತ ಸೂಚನೆಗಾಗಿ ಕಾಯಿರಿ. ಪೇಜಿಗೆ ಏರಿಸುವುದು ನನ್ನ ಕೆಲಸ. ನಾನು ಏರಿಸದಿದ್ದರೆ ಪಕ್ಕದ ಕುರ್ಚಿಯವಳು ಏರಿಸುತ್ತಿದ್ದಳು, ಅಷ್ಟೇ ವ್ಯತ್ಯಾಸ. ನನ್ನ ತಾಯಿ ಸುಳ್ಳಲ್ಲ ಎಂದು ಯಾರ ಬಳಿ ಅರ್ಜಿ ಕೊಡುವುದು? ಏರಿಸಿದೆ. ಎದುರಿಗೆ ಕೂತಿದ್ದ ಕಾರಕೂನರು ತಮ್ಮ ಫೋನು ತೆಗೆದು, ನನ್ನ ಮುಖ ನೋಡದೆ, ಹೆಬ್ಬೆರಳು ಒತ್ತಿದರು.

ಎಲ್ಲರೂ ಒತ್ತಿದರು. ಒತ್ತಿ, ಪದ್ಧತಿಯಂತೆ ಎಲ್ಲ ಗುಂಪುಗಳಿಗೂ ಕಳಿಸಿ ಸಾಕ್ಷಿ ಹಾಕಿದರು. ನೀರಿನ ಮಟ್ಟ ತಿಳಿಸಲು ಅರ್ಧ ದಿನ ತೆಗೆದುಕೊಳ್ಳುತ್ತಿದ್ದ ಕಚೇರಿ, ಅವ್ವ ಸುಳ್ಳು ಎಂಬುದನ್ನು ಚಹಾ ಆರುವ ಮೊದಲೇ ನಮ್ಮ ಓಣಿಗೆ ಮುಟ್ಟಿಸಿತು.

ನೀರು ಬಂದದ್ದು ಆ ವಾರದಲ್ಲೇ. ನಾನು ಕೊಲ್ಲಾಪುರದಲ್ಲಿದ್ದೆ. ಮಧ್ಯಾಹ್ನದ ಹೊತ್ತಿಗೆ ಬಸ್ಸು ನಿಂತವು. ಮಟ್ಟ ಬರೆದು ಕೊಟ್ಟೆ, ಸಾಹೇಬರು ಮಂತ್ರಿಗಳ ಜೊತೆ ಮಹಾಪೂರದ ಪರಿಶೀಲನೆಗೆ ಹೋಗಿದ್ದಾರೆ ಎಂದರು. ಮೌಶಿಗೆ ಫೋನ್ ಮಾಡಿದೆ. ಅವ್ವನನ್ನು ಕರೆದುಕೊಂಡು ಈಗಲೇ ಶಾಲೆಗೆ ಹೋಗು ಅಂದೆ.

"ನಿಮ್ಮವ್ವ ನದಿ ಕಡೆ ಹೋಗಿ ಬಂದಾಕಿ ಆಗಳೇ ಬಾಗಲಾಗ ನಿಂತು ಕೈ ಮಾಡಾಕತ್ತಾಳವಾ," ಅಂದಳು ಮೌಶಿ. "ಮೊಣಕಾಲ, ಗಂಟ, ಸಾಲಿ. ಎಲ್ಲಾರೂ ನಗಾಕತ್ತಾರ. ಅದು ಖೋಟಾ ಅಂತ ನಿಮ್ಮ ಆಫೀಸದವ್ರ ಹೇಳ್ಯಾರಲ್ಲ?"

"ಮೌಶಿ, ನಾ ಹೇಳಾಕತ್ತೇನಿ. ನೀರ ಬರಾಕತ್ತೈತಿ. ಹೋಗ್ರಿ."

"ಮೊಬೈಲದಾಗ ಬರ್ಲಿ, ಹೋಗೂಣು. ಸುಮ್ಮಸುಮ್ಮನ ಆಡ ಹೊಡಕೊಂಡ ಎಲ್ಲಿ ಹೋಗ್ಲಿ?"

ಮತ್ತೆ ಮಾಡಿದರೆ ಫೋನು ಹತ್ತಲಿಲ್ಲ. ಮಂಜೂರಿ ಸಂಜೆ ಬಂತು. ಹಾಕಿದೆ. ಅಷ್ಟರಲ್ಲಿ ಓಣಿಯಲ್ಲಿ ಓದುವವರು ಛಾವಣಿಯ ಮೇಲಿದ್ದರು.

ನಾನು ಊರು ತಲುಪಿದ್ದು ನೀರು ಇಳಿಯತೊಡಗಿದ ಮೇಲೆ. ಜನರನ್ನು ಬೋಟಿನಲ್ಲಿ ತಂದು ಮೇಲಿನ ಶಾಲೆಗೆ ಹಾಕಿದ್ದರು. ಜೀವಕ್ಕೆ ಏನೂ ಆಗಿರಲಿಲ್ಲ, ಹಾಗಂತ ನಮ್ಮ ಪೇಜಿನ ಮೇಲೆ ನಾನೇ ಬರೆದೆ. ಮನೆಗಳಲ್ಲಿ ಉಳಿದದ್ದು ಕೆಸರು. ಮೌಶಿಯ ಆಡುಗಳು ಕಟ್ಟಿದ ಗೂಟಕ್ಕೇ ಸತ್ತಿದ್ದವು. ಹಗ್ಗ ಬಿಚ್ಚಲು ಹೊತ್ತು ಸಿಗಲಿಲ್ಲವಂತೆ. ಅವಳು ವರಾಂಡದ ಕಂಬಕ್ಕೆ ಒರಗಿ ಕೂತಿದ್ದಳು, ನನ್ನನ್ನು ಕಂಡು ಮುಖ ತಿರುಗಿಸಿದಳು. ಸರಕಾರಿ ನೌಕರಳೆಂಬ ಮರ್ಯಾದೆ ಅಲ್ಲಿಗೆ ಚುಕ್ತಾ ಆಯಿತು.

ಅವ್ವ ಒಳಗಿನ ಮೂಲೆಯಲ್ಲಿದ್ದಳು. ಅವಳು ಯಾರಿಗೂ ಕಾಯದೆ, ಗಂಟು ಹೊತ್ತು, ಎಲ್ಲರಿಗಿಂತ ಮೊದಲು ಒಬ್ಬಳೇ ನಡೆದುಬಂದು ಕೂತಿದ್ದಳಂತೆ. ಅವಳ ಬಟ್ಟೆ ತೋಯ್ದಿರಲಿಲ್ಲ, ಪಾತ್ರೆ ಇದ್ದವು, ಅಪ್ಪನ ಫೋಟೋ ಇತ್ತು. ಉಳಿದವರು ತೋಯ್ದು ತೊಪ್ಪೆಯಾಗಿ ಬಂದು ಸುತ್ತ ಕೂತಾಗ ತನ್ನ ಒಣ ಸೀರೆಗಳನ್ನು ಹಂಚಿದ್ದಾಳೆ. ಯಾರ ಜೊತೆಗೂ ಮಾತಾಡಿಲ್ಲ. ನಾನು ಹೋಗಿ ಬೆರಳು ಬಾಯಿಗೆ ತಂದು ಉಂಡಿಯಾ ಎಂದು ಕೇಳಿದೆ. ಅವ್ವ ತಲೆ ಆಡಿಸಿದಳು, ಅಷ್ಟೇ. ಕೈಗಳು ಸೆರಗಿನ ಒಳಗೇ ಇದ್ದವು.

ಮನೆ ತೊಳೆದು ಒಳಗೆ ಬಂದ ಮೇಲೂ ಅದೇ. ಕೆಂಪು ಮುದ್ರೆಯ ಚಿತ್ರವನ್ನು ಓಣಿಯ ಹುಡುಗರು ಅವಳಿಗೆ ತೋರಿಸಿ, ಅದರಲ್ಲಿ ಏನಿದೆ ಎಂದು ತಿಳಿಸಿದ್ದರಂತೆ. ಉಪ್ಪು ಬೇಕಾದರೆ ಬಾಯಲ್ಲಿ ಹೇಳುತ್ತಾಳೆ, ಅದೂ ಪಿಸುದನಿಯಲ್ಲಿ. ತನ್ನ ದನಿ ತನಗೆ ಕೇಳದವಳಿಗೆ ಎಷ್ಟು ಮೆಲ್ಲಗೆ ಎಂಬುದೂ ತಿಳಿಯುವುದಿಲ್ಲ, ಎಷ್ಟೋ ಸಲ ನನಗೆ ಕೇಳಿಸುವುದೇ ಇಲ್ಲ. ಓಣಿಯವರು ಈಗ ಕೈಯಿಂದ ಮಾತಾಡಿಸಲು ಬರುತ್ತಾರೆ, ಒಬ್ಬಿಬ್ಬರು ತಪ್ಪಾಯಿತು ಎಂದು ಕೆನ್ನೆ ಮುಟ್ಟಿಕೊಂಡದ್ದೂ ಉಂಟು. ಅವ್ವ ನೋಡಿ ಒಳಗೆ ಹೋಗುತ್ತಾಳೆ. ಮಗ್ಗಗಳು ಅವಳ ಕಿವಿ ತೆಗೆದುಕೊಂಡವು, ಅದಕ್ಕೆ ವರ್ಷಗಟ್ಟಲೆ ಹಿಡಿಯಿತು. ಕೈ ತೆಗೆದುಕೊಳ್ಳಲು ನಮಗೆ ಒಂದು ಬೆಳಿಗ್ಗೆ ಸಾಕಾಯಿತು. ಪೇಜಿನ ಮೇಲೆ ಆ ಕೆಂಪು ಮುದ್ರೆ ಇನ್ನೂ ಇದೆ. ತೆಗೆಯಲು ಮಂಜೂರಿ ಕೇಳಿದ್ದೆ, ಹಾಕಿದ್ದನ್ನು ತೆಗೆದರೆ ತಪ್ಪು ಒಪ್ಪಿಕೊಂಡ ಹಾಗೆ ಆಗುತ್ತದೆ ಎಂದರು. ನಾನೂ ಆಸೆ ಬಿಟ್ಟೆ. ಕೆಲಸ ಬಿಡಲಿಲ್ಲ. ಬಿಟ್ಟರೆ ಆ ಕುರ್ಚಿಗೆ ಇನ್ನೊಬ್ಬಳು ಬರುತ್ತಾಳೆ, ಅವಳಿಗೂ ಎಲ್ಲೋ ಒಬ್ಬ ಅವ್ವ ಇರುತ್ತಾಳೆ.

ಮೊನ್ನೆ ಮತ್ತೆ ಮಳೆ ಹಿಡಿಯಿತು. ರಜೆಯ ದಿನ, ನಾನು ಮನೆಯಲ್ಲಿದ್ದೆ. ಸಾಹೇಬರ ಹೊಸ ವಿಡಿಯೋ ಬಂದಿತ್ತು, ಅದೇ ರೇನ್‌ಕೋಟು, ಅದೇ ಮೈಕುಗಳು. ಅವ್ವ ಹೊಸ್ತಿಲ ಬಳಿ ಕೂತು ತನ್ನ ಫೋನಿನಲ್ಲಿ ಅದನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ನನ್ನ ಕಡೆ ಹಿಡಿದು ಕೇಳಿದಳು.

"ಏನಂತಾನ ಅವಾ?"

ಕೂಗಿ ಹೇಳಿದರೆ ಪ್ರಯೋಜನವಿಲ್ಲ. ನಾನು ಅಂಗಳಕ್ಕೆ ಇಳಿದು, ಅವಳಿಗೆ ಎದುರಾಗಿ ನಿಂತು, ಬಗ್ಗಿ, ಮೊಣಕಾಲಿಗೆ ಕೈ ಹಿಡಿದೆ. ಅವ್ವ ಗಡಬಡಿಸಿ ಎದ್ದು ಬಂದಳು. ಓಣಿಯ ಆಚೆ ಈಚೆ ನೋಡಿ, ನನ್ನ ಕೈಯನ್ನು ಹಿಡಿದು ಕೆಳಗೆ ತಳ್ಳಿದಳು.

"ಕೈ ಇಳಸ ಮಗಳ," ಅಂದಳು ಮೆಲ್ಲಗೆ. "ಯಾರರ ನೋಡ್ಯಾರು. ಇನ್ನ ನಿನ್ನೂ ಖೋಟಾ ಅಂದಾರು."